ಹತ್ತಿರಾಯರ ಇಂಗ್ಲಿಷ್ ಜೋಗುಳ

ಹಾಸಿಗೆ ಅಂಗಡಿಯ ಹತ್ತಿರಾಯರು ತಮ್ಮ ನಲವತ್ತೊಂದು ವರ್ಷದ ಬದುಕಿನಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ ಒಂದು. ಅದನ್ನು ಬಾಯಲ್ಲಿ ಹೇಳಿದ್ದರೆ ಗಾಳಿಗೆ ಹಾರಿ ಹೋಗುತ್ತಿತ್ತೋ ಏನೋ. ಅವರು ಬರೆದುಕೊಟ್ಟರು. ಬರೆದುಕೊಟ್ಟ ತಕ್ಷಣ ಅದಕ್ಕೊಂದು ನಂಬರು ಬಿತ್ತು, ಮೊಹರು ಬಿತ್ತು, ದಾರ ಪೋಣಿಸಿದ ಫೈಲಿನೊಳಗೆ ಜಾಗ ಸಿಕ್ಕಿತು. ಆಮೇಲೆ ಅದು ಸುಳ್ಳಾಗಿ ಉಳಿಯಲಿಲ್ಲ, ದಾಖಲೆಯಾಯಿತು.

ಹತ್ತಿರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಕೊಟ್ಟದ್ದು. ದಿನವಿಡೀ ಹತ್ತಿ ಹಿಂಜಿ, ಚೀಲಕ್ಕೆ ತುಂಬಿ, ದಬ್ಬಣ ಹಿಡಿದು ಹೊಲಿಯುವ ಮನುಷ್ಯನಿಗೆ ಸಂಜೆಯಾಗುವಷ್ಟರಲ್ಲಿ ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿಬಿಡುತ್ತಿತ್ತು. ಬೆಳಿಗ್ಗೆ ಅಂಗಡಿ ತೆರೆಯುವಾಗ ‘ಏನಯ್ಯಾ’ ಎಂದು ಮಾತನಾಡಿಸಿದವರೇ ಸಂಜೆ ಅವರ ಬಿಳಿ ಮೀಸೆ ನೋಡಿ ‘ಏನು ರಾಯರೇ’ ಎನ್ನುತ್ತಿದ್ದರು. ಸ್ನಾನ ಮಾಡಿದರೆ ವಯಸ್ಸು ಇಳಿಯುತ್ತಿತ್ತು, ಮರ್ಯಾದೆಯೂ ಇಳಿಯುತ್ತಿತ್ತು. ಹಾಗಾಗಿ ಅವರು ಸಂಜೆಯ ಸ್ನಾನವನ್ನು ಆದಷ್ಟು ಮುಂದಕ್ಕೆ ಹಾಕುತ್ತಿದ್ದರು.

ಅಂಗಡಿಯ ಹಿಂದೆಯೇ ಎರಡು ಕೋಣೆಯ ಮನೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಮಧ್ಯಾಹ್ನ ಎರಡಕ್ಕೆ ಹೋದರೆ ರಾತ್ರಿ ಹತ್ತು ಕಳೆದ ಮೇಲೆ ಬರುವ ಕೆಲಸ. ಆದ್ದರಿಂದ ನಾಲ್ಕು ವರ್ಷದ ಮಗಳು ಗುಬ್ಬಿಯನ್ನು ಮಲಗಿಸುವ ಖಾತೆ ರಾಯರ ಪಾಲಿಗೆ ಬಂದಿತ್ತು. ಗುಬ್ಬಿ ಮಲಗುವ ಜಾತಿಯ ಮಗುವಲ್ಲ. ಎಂಟು ಗಂಟೆಗೆ ಹಾಸಿಗೆಯ ಮೇಲೆ ಹಾಕಿದರೆ ಒಂಬತ್ತರವರೆಗೆ ಅದರ ಮೇಲೆ ಕುಣಿಯುತ್ತಿದ್ದಳು, ಆಮೇಲೆ ಇಳಿದು ಅಂಗಡಿಯಲ್ಲಿ ಪೇರಿಸಿಟ್ಟ ಹಾಸಿಗೆಗಳ ಮೇಲೆ ಕುಣಿಯುತ್ತಿದ್ದಳು. ಬೀದಿಗೆಲ್ಲ ನಿದ್ದೆ ಮಾರುವವರ ಮನೆಯಲ್ಲೇ ನಿದ್ದೆಯ ಸ್ಟಾಕ್ ಇಲ್ಲವಲ್ಲ ಎಂದು ಗಿರಾಕಿಗಳು ನಗುತ್ತಿದ್ದರು. ರಾಯರೂ ನಗುತ್ತಿದ್ದರು. ವ್ಯಾಪಾರದಲ್ಲಿ ನಗಬೇಕಾಗುತ್ತದೆ.

ಸುಳ್ಳು ಹುಟ್ಟಿದ್ದು ಬೀದಿಯ ತುದಿಯ ಮಕ್ಕಳ ಶಾಲೆಯ ಕೌಂಟರಿನಲ್ಲಿ. ಆ ಶಾಲೆಯಲ್ಲಿ ಇದ್ದದ್ದು ಮೂವತ್ತೇ ಸೀಟು. ರಾಯರ ಹೆಂಡತಿ ಕೆಲಸದಿಂದ ಬಂದ ಮರುಬೆಳಿಗ್ಗೆಯೇ ಎದ್ದು, ಕ್ಯೂ ನಿಂತು ಅರ್ಜಿ ತಂದು, ಹತ್ತು ಕಾಲಂ ತಾನೇ ತುಂಬಿದ್ದಳು. ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಡ್ಯೂಟಿಗೆ ಹೊತ್ತಾಯಿತು. ಅದೊಂದನ್ನು ತುಂಬಿ ಕೊಟ್ಟು ಬನ್ನಿ, ಬೇರೇನೂ ಮಾಡಬೇಡಿ ಎಂದು ಗಂಡನಿಗೆ ಎರಡು ಸಲ ಹೇಳಿ ಹೋದಳು. ‘ಬೇರೇನೂ ಮಾಡಬೇಡಿ’ ಎಂಬುದನ್ನು ಅವಳು ಮದುವೆಯಾದಂದಿನಿಂದ ಹೇಳುತ್ತ ಬಂದಿದ್ದಳು.

ರಾಯರು ಕ್ಯೂನಲ್ಲಿ ನಿಂತು ಹನ್ನೊಂದನೆಯ ಕಾಲಂ ಓದಿದರು. ‘ಮಲಗುವ ಹೊತ್ತಿಗೆ ಪೋಷಕರು ಮಗುವಿಗೆ ಹಾಡುವ ಇಂಗ್ಲಿಷ್ ಲಲಬಿಗಳು. ಕನಿಷ್ಠ ಮೂರನ್ನು ಬರೆಯಿರಿ’ ಎಂದಿತ್ತು. ಹತ್ತನೆಯ ಕಾಲಂ ಚುಚ್ಚುಮದ್ದುಗಳದ್ದಾದ್ದರಿಂದ ಲಲಬಿ ಎಂದರೆ ಬಾಯಿಗೆ ಹಾಕುವ ಹನಿ ಇರಬೇಕು ಎಂದುಕೊಂಡರು. ಹಾಡುವ ಹನಿ ಯಾವುದು ಎಂಬಲ್ಲಿ ಮಾತ್ರ ಸಿಕ್ಕಿಕೊಂಡರು. ಅವರ ಮುಂದೆ ನಿಂತಿದ್ದವರು ಎದುರುಮನೆಯ ಹಲ್ಲಿನ ಡಾಕ್ಟರಮ್ಮ. ಕೇಳಿದ್ದಕ್ಕೆ, ಲಲಬಿ ಅಂದರೆ ಜೋಗುಳ ಅಲ್ಲವೇ, ಅಷ್ಟೂ ಗೊತ್ತಿಲ್ಲವೇ ಎಂಬ ಧಾಟಿಯಲ್ಲಿ ಹೇಳಿ, ತಾವು ಏಳನೆಯ ಜೋಗುಳದ ಹೆಸರು ಬರೆಯತೊಡಗಿದರು. ಅದು ನಿಜವೂ ಇರಬೇಕು. ದಿನಾ ಸಂಜೆ ಅವರ ಮನೆಯ ಕಿಟಕಿಯಿಂದ ಜೇನಿನಂಥ ದನಿಯಲ್ಲಿ ಇಂಗ್ಲಿಷ್ ಹಾಡು ಬೀದಿಗಿಳಿಯುವುದನ್ನು ರಾಯರು ಕೇಳಿದ್ದರು.

ರಾಯರು ಹೆಗಲ ಮೇಲಿಂದ ಇಣುಕಿದರು. ಡಾಕ್ಟರಮ್ಮ ಪರೀಕ್ಷೆಗೆ ಕೂತ ಹುಡುಗಿಯಂತೆ ಅಂಗೈ ಅಡ್ಡ ಇಟ್ಟರು. ಹಿಂದಿನವರು ಮುಂದೆ ಹೋಗಿ ಎಂದು ನೂಕುತ್ತಿದ್ದರು. ಆ ಅವಸರದಲ್ಲಿ ರಾಯರ ಕೈ ಯಾರ ಮಾತೂ ಕೇಳದೆ ಎರಡು ಶಬ್ದ ಬರೆದುಬಿಟ್ಟಿತು: ಸ್ವಂತ ರಚನೆ.

ಗುಮಾಸ್ತೆ ಓದಿ, ಕನ್ನಡಕ ಮೇಲೇರಿಸಿ, ಇಂಗ್ಲಿಷಿನಲ್ಲಿ ನೀವೇ ಕಟ್ಟುತ್ತೀರಾ ಎಂದು ಕೇಳಿದರು. ಇಲ್ಲ, ತಪ್ಪಾಯಿತು ಎನ್ನಲು ರಾಯರು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಡಾಕ್ಟರಮ್ಮ ತಿರುಗಿ ನೋಡಿದರು. ಆರು ವರ್ಷದಿಂದ ಆಕೆಗೆ ರಾಯರೆಂದರೆ ಮನೆಯ ಕೆಳಗಿನ ತನ್ನ ಕ್ಲಿನಿಕ್ಕಿನೊಳಗೆ ಹತ್ತಿಯ ಎಳೆ ಹಾರಿಸುವ ಮನುಷ್ಯ, ಅಷ್ಟೇ. ಇವತ್ತು ಮೊದಲ ಸಲ ಆ ಕಣ್ಣಿನಲ್ಲಿ ತಮಗೊಂದು ತೂಕ ಕಾಣಿಸಿತು.

“ಏನೋ, ಬಿಡುವಾದಾಗ,” ಎಂದರು ರಾಯರು.

ಮೂರು ದಿನದ ಮೇಲೆ ಶಾಲೆಯಿಂದ ಕಾಗದ ಬಂತು. ಮಗುವಿಗೆ ಸೀಟು ತಾತ್ಕಾಲಿಕವಾಗಿ ಸಿಕ್ಕಿದೆ. ಎರಡು ವಾರದ ನಂತರ ಸೋಮವಾರ ಬೆಳಿಗ್ಗೆ ಶಿಕ್ಷಣ ಇಲಾಖೆಯ ಸಾಹೇಬರು ಶಾಲೆಗೆ ಭೇಟಿ ಕೊಡುತ್ತಾರೆ. ಅವರ ಮುಂದೆ ತಾವು ತಮ್ಮ ಸ್ವಂತ ಇಂಗ್ಲಿಷ್ ಜೋಗುಳವನ್ನು ಎಲ್ಲ ಪೋಷಕರಿಗೂ ಹಾಡಿ ತೋರಿಸಬೇಕೆಂದು ಮುಖ್ಯೋಪಾಧ್ಯಾಯಿನಿಯವರ ಕೋರಿಕೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಅರ್ಜಿಯಲ್ಲಿ ಸುಳ್ಳು ಮಾಹಿತಿ ಕಂಡುಬಂದರೆ ಸೀಟು ರದ್ದು ಎಂದಿತ್ತು. ಹೆಂಡತಿ ಮೇಲಿನದನ್ನು ಓದಿ, ಕೆಳಗಿನದನ್ನು ಓದಿ, ಗಂಡನ ಮುಖ ನೋಡಿದಳು. ಜೋರು ಮಾಡಲಿಲ್ಲ. ಆ ಶಾಲೆ ಕೈತಪ್ಪಿದರೆ ಇನ್ನೊಂದು ಶಾಲೆಗೆ ಎರಡು ಬಸ್ಸು ಬದಲಿಸಬೇಕು, ಬೆಳಿಗ್ಗೆ ಆರಕ್ಕೆ ಮಗುವನ್ನು ಎಬ್ಬಿಸಬೇಕು, ಎಬ್ಬಿಸುವ ಕೆಲಸ ನಿಮ್ಮದೇ ಎಂದಷ್ಟೇ ಹೇಳಿ ಡ್ಯೂಟಿಗೆ ಹೊರಟಳು. ಹಾಸಿಗೆ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನಾವುದಿದೆ.

ರಾಯರು ನಾಚಿಕೆಯಿಲ್ಲದೆ ಹೋಗಿ ಕೇಳಬಹುದಾಗಿದ್ದ ಒಬ್ಬರೇ ಇಂಗ್ಲಿಷ್ ಪಂಡಿತರೆಂದರೆ ಮಹಡಿಯ ಟೈಪಿಂಗ್ ಮೇಷ್ಟ್ರು. ಅಂಗಡಿಯ ಮೇಲಿನ ಕೋಣೆಯಲ್ಲಿ ನಲವತ್ತು ವರ್ಷ ಟೈಪಿಂಗ್ ಕಲಿಸಿ, ಈಗ ಬಟ್ಟೆ ಹೊದಿಸಿದ ಒಂಬತ್ತು ಯಂತ್ರಗಳ ನಡುವೆ ಒಬ್ಬರೇ ಕೂತಿರುತ್ತಿದ್ದ ಎಪ್ಪತ್ತೆರಡರ ಮುದುಕರು. ಬೆರಳುಗಳು ಈಗಲೂ ಮೇಜಿನ ಮೇಲೆ, ಮೊಣಕಾಲಿನ ಮೇಲೆ, ಟೀ ಲೋಟದ ಮೇಲೆ ತಾವಾಗಿಯೇ ಓಡುತ್ತಿದ್ದವು. ಈ ಕೋಣೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಒಂದು ಅಕ್ಷರ ಒತ್ತಿದವರಿಲ್ಲ ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಒತ್ತಿದ್ದೆಲ್ಲ ಏನು ಎಂದು ಯಾರೂ ಕೇಳಿರಲಿಲ್ಲ.

ರಾಯರು ಹೋಗಿ ಜೋಗುಳ ಬೇಕಿತ್ತು ಎಂದರು. ಗೊತ್ತಿಲ್ಲ ಎನ್ನುವ ಅಭ್ಯಾಸ ಮೇಷ್ಟ್ರಿಗಿರಲಿಲ್ಲ. ಒಂದು ಯಂತ್ರದ ಬಟ್ಟೆ ತೆಗೆದು, ಧೂಳು ಊದಿ, ಹಾಳೆ ಸಿಕ್ಕಿಸಿ, ಕಣ್ಣು ಮುಚ್ಚಿಕೊಂಡೇ ಐದು ಸಾಲು ಒತ್ತಿ ಹಾಳೆ ಎಳೆದರು. ಒಂದು ಅಕ್ಷರವೂ ತಪ್ಪಿರಲಿಲ್ಲ. ರಾಯರು ಕೇಳಿ ಕೇಳಿ ಅದನ್ನು ಕನ್ನಡದಲ್ಲಿ ಬರೆದುಕೊಂಡರು:

ಡಿಯರ್ ಸರ್, ಡಿಯರ್ ಸರ್,
ಯುವರ್ ಲೆಟರ್ ಈಸ್ ರಿಸೀವ್ಡ್, ಸರ್,
ದಿ ಮ್ಯಾಟರ್ ಈಸ್ ಅಂಡರ್ ಕನ್ಸಿಡರೇಷನ್,
ಕೈಂಡ್ಲಿ ಬೇರ್ ವಿತ್ ಅಸ್, ಸರ್.
ಯುವರ್ಸ್ ಫೇತ್‌ಫುಲಿ.

ಅರ್ಥ ಕೇಳಿದರು. ಮೇಷ್ಟ್ರು ಕಿಟಕಿಯ ಕಡೆ ನೋಡುತ್ತ ಹೇಳಿದರು. “ಡಿಯರ್ ಅಂದ್ರೆ ಮುದ್ದು. ಸರ್ ಅಂದ್ರೆ ದೊರೆ. ಮುದ್ದು ದೊರೆಯೇ ಅಂತ ಕರೀತಾ ಇದ್ದೀರಿ. ಕೈಂಡ್ಲಿ ಅಂದ್ರೆ ದಯೆ, ಫೇತ್ ಅಂದ್ರೆ ನಂಬಿಕೆ. ದಯೆ ಇದೆ, ನಂಬಿಕೆ ಇದೆ. ಮಗುಗೆ ಇನ್ನೇನು ಬೇಕು?”

ನಿಜವಾಗಿ ನೋಡಿದರೆ ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಡುವಿನ ಎರಡು ಸಾಲಿನ ಅರ್ಥ ರಾಯರು ಕೇಳಲಿಲ್ಲ, ಮೇಷ್ಟ್ರು ಹೇಳಲಿಲ್ಲ. ರಾಗದ ಕೆಲಸ ಮಾತ್ರ ರಾಯರೇ ಮಾಡಿಕೊಂಡರು. ಹತ್ತಿ ಹಿಂಜುವ ಬಿಲ್ಲಿನ ತಂತಿಗೆ ಬಡಿದಾಗ ಬರುವ ಟೊಂಯ್ ಟೊಂಯ್ ನಾದ ಅವರ ಕಿವಿಯೊಳಗೆ ಹುಟ್ಟಿನಿಂದ ಮನೆ ಮಾಡಿತ್ತು. ಅದಕ್ಕೇ ಶಬ್ದಗಳನ್ನು ಜೋಡಿಸಿದರು. ಕನ್ಸಿಡರೇಷನ್ ಎಂಬುದು ತುಸು ಉದ್ದವಾಗಿ ತಂತಿಯಿಂದ ಹೊರಗೆ ಚಾಚಿತು. ಅದನ್ನು ನಾಲ್ಕು ತುಂಡು ಮಾಡಿ ಎಳೆದೆಳೆದು ಕೂರಿಸಿದರು.

ಅದೇ ರಾತ್ರಿ ಎಂಟಕ್ಕೆ ಪ್ರಯೋಗ. ಗುಬ್ಬಿ ಕುಣಿತ ನಿಲ್ಲಿಸಿ, ಅಪ್ಪನ ಬಾಯಿಂದ ಏನೋ ವಿಚಿತ್ರ ಹೊರಡುತ್ತಿರುವುದನ್ನು ನೋಡಿ, ದಿಂಬಿನ ಮೇಲೆ ಕೂತಳು. ರಾಯರು ಪಕ್ಕದಲ್ಲಿ ಒರಗಿ ಒಂದು ಸುತ್ತು ಹಾಡಿದರು, ಎರಡನೆಯ ಸುತ್ತಿಗೆ ಹೊರಟರು. ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಗುಬ್ಬಿ ಮಗ್ಗುಲಲ್ಲಿ ಗಾಢ ನಿದ್ದೆಯಲ್ಲಿದ್ದಳು. ಹೊದಿಕೆ ಅಚ್ಚುಕಟ್ಟಾಗಿತ್ತು, ದೀಪ ಆರಿತ್ತು. ಒಂಬತ್ತರ ಕುಣಿತವಿಲ್ಲ, ಅಂಗಡಿಯ ಹಾಸಿಗೆಗಳು ಜಾರಿಲ್ಲ. ಇಂಗ್ಲಿಷಿನ ಶಕ್ತಿ ಎಂಥದ್ದು ಎಂದು ರಾಯರಿಗೆ ಆ ಬೆಳಿಗ್ಗೆ ಮನವರಿಕೆಯಾಯಿತು.

ದಿನಾ ಅದೇ ಪವಾಡ ನಡೆಯಿತು. ಅಂಗಡಿಗೆ ಬಂದವರಿಗೆ ರಾಯರು ಹಾಸಿಗೆಯ ದಪ್ಪ ಹೇಳುವ ಮೊದಲು ಜೋಗುಳದ ಮಹಿಮೆ ಹೇಳತೊಡಗಿದರು. ಕನ್ನಡದಲ್ಲಿ ಮಲಗು ಎಂದರೆ ಮಕ್ಕಳಿಗೆ ಅರ್ಥವಾಗುತ್ತದೆ, ಅರ್ಥವಾದರೆ ಹಟ ಮಾಡುತ್ತವೆ, ಇಂಗ್ಲಿಷಿನಲ್ಲಿ ಆ ತೊಂದರೆ ಇಲ್ಲ ಎಂದು ಒಂದು ಸಿದ್ಧಾಂತವನ್ನೂ ಕಟ್ಟಿದರು. ಎದುರುಮನೆಯ ಡಾಕ್ಟರಮ್ಮ ಕಿಟಕಿಯಲ್ಲಿ ನಿಂತು ಕಿವಿಗೊಟ್ಟರು. ಬೀದಿಯ ಗದ್ದಲದಲ್ಲಿ ಅವರಿಗೆ ಪೂರ್ತಿ ಕೇಳಿಸಲಿಲ್ಲ. ಕೇಳಿಸಿದ್ದರಲ್ಲಿ ಸರ್, ಕೈಂಡ್ಲಿ ಮುಂತಾದ ಘನವಾದ ಮಾತುಗಳಿದ್ದವು. ಮರುದಿನ ಅಂಗಡಿಗೆ ಬಂದು, ಇದು ಹಳೆಯ ಕಾಲದ ಶಿಷ್ಟ ಇಂಗ್ಲಿಷ್ ಅಲ್ಲವೇ, ಒಂದು ಪ್ರತಿ ಸಿಗಬಹುದೇ, ನಮ್ಮ ಮಗ ಈಗ ಇದನ್ನೇ ಕೇಳುತ್ತಾನೆ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಸೋಮವಾರದವರೆಗೆ ಹೊರಗೆ ಬಿಡುವಂತಿಲ್ಲ ಎಂದರು ರಾಯರು, ಪ್ರಶ್ನೆಪತ್ರಿಕೆ ಕಾಯುವವರಂತೆ.

ಅದೇ ವಾರ ರಾಯರ ಅತ್ತೆ ನಾಲ್ಕು ದಿನಕ್ಕೆಂದು ಬಂದರು. ಆಕೆಗೆ ಇಂಗ್ಲಿಷ್ ಬಾರದು, ಆದರೆ ಕಿವಿ ಚುರುಕು. ಎರಡು ಸಂಜೆ ಮುಚ್ಚಿದ ಬಾಗಿಲ ಹೊರಗೆ ಕೂತು ಕೇಳಿದರು. ಮೂರನೆಯ ದಿನ ಬೆಳಿಗ್ಗೆ ಟೀ ಕುಡಿಯುವಾಗ ವಿಷಯ ತೆಗೆದರು.

“ಅಳಿಯಂದಿರೇ, ನಾನು ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಹೆಣ್ಣುಮಗೂನ ಸರ್ ಅಂತ ಯಾಕೆ ಕರೀತೀರಿ?”

ಇಂಗ್ಲಿಷಿನಲ್ಲಿ ಮಕ್ಕಳಿಗೆ ಗಂಡು ಹೆಣ್ಣು ಭೇದವಿಲ್ಲ ಎಂದರು ರಾಯರು. ಅತ್ತೆ ಒಪ್ಪಿದಂತೆ ತಲೆಯಾಡಿಸಿದರು. ಆದರೆ ಸಂಜೆ ಮಗಳಿಗೆ ಫೋನು ಮಾಡಿ, ನಿನ್ನ ಗಂಡ ಯಾರದೋ ಕೈಕೆಳಗೆ ಕೆಲಸಕ್ಕೆ ಸೇರಿರುವಂತಿದೆ, ಮಗುವನ್ನು ಮಲಗಿಸುವಾಗಲೂ ಆ ಸಾಹೇಬನ ಹತ್ತಿರ ಏನೋ ಬೇಡಿಕೊಳ್ಳುತ್ತಾರೆ, ಅಂಗಡಿ ಸರಿಯಾಗಿ ನಡೆಯುತ್ತಿದೆ ತಾನೇ ಎಂದು ಕಳವಳಪಟ್ಟರು. ಅರ್ಥ ತಿಳಿಯದೆಯೂ ಆಕೆ ಎಷ್ಟು ಸರಿಯಾಗಿ ಹಿಡಿದಿದ್ದರು ಎಂಬುದು ಭಾನುವಾರ ತಿಳಿಯಿತು.

ಆ ಭಾನುವಾರ ಹೆಂಡತಿಗೆ ಅಪರೂಪಕ್ಕೆ ರಜೆ ಸಿಕ್ಕಿತ್ತು. ಬೆಳಿಗ್ಗೆ ರಾಯರು ಸ್ನಾನದ ಕೋಣೆಯಲ್ಲಿ ಮರುದಿನದ ಅಭ್ಯಾಸಕ್ಕೆ ತೊಡಗಿದರು. ಒಳಗೆ ಗೋಡೆಗಳು ಒಳ್ಳೆಯವು, ದನಿ ದುಂಡಗೆ ಬರುತ್ತಿತ್ತು. ಹೊರಗೆ ಬಟ್ಟೆ ಮಡಚುತ್ತಿದ್ದ ಹೆಂಡತಿಯ ಕೈ ನಿಂತಿತು. ಅವಳು ಬಾಗಿಲ ಹತ್ತಿರ ಬಂದು ಪೂರ್ತಿ ಕೇಳಿ, ಬಾಗಿಲು ತಟ್ಟಿದಳು.

“ರೀ, ಇದು ಜೋಗುಳ ಅಂತ ನಿಮಗೆ ಯಾರು ಹೇಳಿದ್ದು?”

“ಯಾಕೆ? ಮೇಷ್ಟ್ರು.”

“ನಾವು ವಾರ್ಡಿಗೆ ಚಾದರ ಬೇಕು ಅಂತ ಬರೆದ್ರೆ ಸ್ಟೋರಿಂದ ಬರೋ ಉತ್ತರ ಇದೇನೇ. ನಿಮ್ಮ ಕಾಗದ ತಲುಪಿದೆ, ವಿಷಯ ಪರಿಶೀಲನೆಯಲ್ಲಿದೆ, ಸಹಕರಿಸಿ. ಮೂರು ವರ್ಷದಿಂದ ಬರ್ತಾ ಇದೆ. ಚಾದರ ಮಾತ್ರ ಬಂದಿಲ್ಲ.”

ಒಳಗೆ ನೀರಿನ ಸದ್ದು ನಿಂತಿತು. ರಾಯರು ಒದ್ದೆ ತಲೆಯಲ್ಲೇ, ಹತ್ತಿಯಿಲ್ಲದ ಕಪ್ಪು ಮೀಸೆಯಲ್ಲೇ, ಅಂದರೆ ಮರ್ಯಾದೆ ಅತ್ಯಂತ ಕೆಳಗಿದ್ದ ಹೊತ್ತಿನಲ್ಲೇ ಮೆಟ್ಟಿಲು ಹತ್ತಿ ಮೇಷ್ಟ್ರ ಮುಂದೆ ನಿಂತರು. ಮೇಷ್ಟ್ರು ವಾದಿಸಲಿಲ್ಲ. ನಲವತ್ತು ವರ್ಷ ತಾವು ಕಲಿಸಿದ್ದು ಇಪ್ಪತ್ತಾರು ಕಾಗದಗಳನ್ನೇ, ಸರಕು ತಡವಾದದ್ದಕ್ಕೆ ಒಂದು, ರಜೆ ಬೇಕೆಂದು ಒಂದು, ಹೀಗೆ. ಅವುಗಳಲ್ಲಿ ತುಂಬ ಸೌಮ್ಯವಾದದ್ದನ್ನೇ ಹುಡುಕಿ ಕೊಟ್ಟೆ ಎಂದು ಒಪ್ಪಿಕೊಂಡರು. ಸ್ವಲ್ಪ ಹೊತ್ತು ಮೊಣಕಾಲಿನ ಮೇಲೆ ಬೆರಳಾಡಿಸಿದರು.

“ನನಗೆ ಯಾರೂ ಇಂಗ್ಲಿಷಲ್ಲಿ ಜೋಗುಳ ಹಾಡಲಿಲ್ಲವಲ್ಲ ರಾಯರೇ. ಮಲಗಿಸೋಕೆ ಏನು ಹೇಳ್ತಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು. ಆದ್ರೆ ನೀವು ಕೆಳಗೆ ಹಾಡೋದು ಕೇಳ್ತಾ ಇರ್ತೀನಿ. ಆ ಕಾಗದ ಅಷ್ಟು ಚೆನ್ನಾಗಿದೆ ಅಂತ ನನಗೂ ಗೊತ್ತಿರಲಿಲ್ಲ.”

ಇಷ್ಟು ಹೇಳಿದ ಮನುಷ್ಯನ ಮೇಲೆ ರೇಗುವುದು ಹೇಗೆ. ರಾಯರು ಇಳಿದು ಬಂದರು. ಬೇರೆ ಜೋಗುಳ ಕಲಿಯಲು ಹೊತ್ತಿಲ್ಲ, ಹಾಡದಿದ್ದರೆ ಸೀಟಿಲ್ಲ. ಹೆಂಡತಿ, ಸಾಹೇಬರಿಗೂ ಮುಖ್ಯೋಪಾಧ್ಯಾಯಿನಿಗೂ ಇಂಗ್ಲಿಷ್ ಬರುತ್ತದೆ, ಮೊದಲ ಸಾಲಿಗೇ ಸಿಕ್ಕಿಬೀಳುತ್ತೀರಿ, ಹೋಗಿ ತಪ್ಪೊಪ್ಪಿಕೊಳ್ಳಿ ಎಂದಳು. ಒಪ್ಪಿಕೊಳ್ಳುತ್ತೇನೆ ಎಂದು ರಾಯರು ಮಾತು ಕೊಟ್ಟರು. ಕೊಡುವಾಗ ಅವರ ಮನಸ್ಸು ಸ್ವಚ್ಛವಾಗಿಯೇ ಇತ್ತು.

ಸೋಮವಾರ ಬೆಳಿಗ್ಗೆ ಶಾಲೆಯ ಸಭಾಂಗಣದಲ್ಲಿ ಪೋಷಕರೆಲ್ಲ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂತಿದ್ದರು. ವೇದಿಕೆಯ ಮೇಲೆ ಒಂದೇ ದೊಡ್ಡ ಕುರ್ಚಿ, ಅದರಲ್ಲಿ ಸಾಹೇಬರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಕಣ್ಣ ಕೆಳಗೆ ಚೀಲ ಕಟ್ಟಿಕೊಂಡ, ತೊಡೆಯ ಮೇಲೊಂದು ಫೈಲು ಇಟ್ಟುಕೊಂಡೇ ಕೂರುವ ಭಾರಿ ಆಸಾಮಿ. ಕಾಗೆಯ ಹಾಗೆ ಎಚ್ಚರವಾಗಿದ್ದರು. ಯಾವ ಶಾಲೆಯಲ್ಲೂ ಅವರು ಕಣ್ಣು ಮಿಟುಕಿಸಿದ್ದನ್ನು ಕಂಡವರಿಲ್ಲ ಎಂದು ಗುಮಾಸ್ತೆ ಎಲ್ಲರ ಕಿವಿಯಲ್ಲೂ ಉಸುರಿದ್ದರು.

ಮೊದಲು ಕರೆದದ್ದು ಹಲ್ಲಿನ ಡಾಕ್ಟರಮ್ಮನನ್ನು. ಏಳು ಜೋಗುಳ ಬಲ್ಲವರು, ಒಂದಾದರೂ ಹಾಡಬೇಕೆಂದು ಮುಖ್ಯೋಪಾಧ್ಯಾಯಿನಿ ಕೇಳಿಕೊಂಡರು. ಡಾಕ್ಟರಮ್ಮ ಎದ್ದು, ಗಂಟಲು ಹಿಡಿದುಕೊಂಡು, ಇವತ್ತು ಬೆಳಿಗ್ಗೆಯಿಂದ ಸ್ವರವೇ ಇಲ್ಲ ಎಂದು ಸ್ಪಷ್ಟವಾದ ಸ್ವರದಲ್ಲಿ ಹೇಳಿ ಕೂತರು. ಮುಂದಿನ ಹೆಸರು ರಾಯರದ್ದು.

ರಾಯರು ತಪ್ಪೊಪ್ಪಿಕೊಳ್ಳಲೆಂದೇ ಮೇಲೆ ಹತ್ತಿದರು. ಮೈಕಿನ ಮುಂದೆ ನಿಂತು ನೋಡಿದರೆ ಎದುರಿಗೆ ಐವತ್ತು ಜೋಡಿ ಮಂಡಿ, ಮೂರನೆಯ ಸಾಲಿನಲ್ಲಿ ಡ್ಯೂಟಿ ಬಟ್ಟೆಯಲ್ಲೇ ಬಂದು ಕೂತ ಹೆಂಡತಿ, ಅವಳ ತೊಡೆಯ ಮೇಲೆ ಹೊಸ ರಿಬ್ಬನ್ ಕಟ್ಟಿದ ಗುಬ್ಬಿ. ಎಲ್ಲರಿಗೂ ನಮಸ್ಕಾರ ಎಂದರು. ಎರಡು ವಾರದಿಂದ ಗಂಟಲಿನ ದಾರಿ ಒಂದೇ ಕಡೆಗೆ ಸವೆದಿತ್ತು. ಅವರು ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಹೊರಬಿದ್ದದ್ದು ‘ಡಿಯರ್ ಸರ್’.

ಸಾಹೇಬರು ಥಟ್ಟನೆ ನೆಟ್ಟಗಾದರು. ಬಲಗೈ ಜೇಬಿನ ಪೆನ್ನಿಗೆ ಹೋಯಿತು. ಹೊರಟ ಹಾಡನ್ನು ಹಿಂದಕ್ಕೆ ಎಳೆಯುವ ವಿದ್ಯೆ ರಾಯರಿಗೆ ಬರುತ್ತಿರಲಿಲ್ಲ. ಲೆಟರ್ ಈಸ್ ರಿಸೀವ್ಡ್ ಎಂಬಲ್ಲಿಗೆ ಬಂದಾಗ ಸಾಹೇಬರ ಕೈ ಪೆನ್ನನ್ನು ಬಿಟ್ಟು ಫೈಲಿನ ಮೇಲೆ ಮೆತ್ತಗೆ ಇಳಿಯಿತು. ಭುಜ ಸಡಿಲವಾಯಿತು. ಕಾಗದ ಬಂದಿದೆ, ಇನ್ನು ತಾವು ಮಾಡಬೇಕಾದದ್ದು ಏನೂ ಇಲ್ಲ ಎಂಬ ನೆಮ್ಮದಿ ಆ ದೊಡ್ಡ ಮುಖದ ಮೇಲೆ ಹರಡಿತು. ರಾಯರು ಕನ್ಸಿಡರೇಷನ್ನನ್ನು ನಾಲ್ಕು ತುಂಡು ಮಾಡಿ ಎಳೆಯತೊಡಗಿದರು. ಎರಡನೆಯ ತುಂಡಿಗೆ ಸಾಹೇಬರ ಕಣ್ಣು ಅರ್ಧವಾಯಿತು, ನಾಲ್ಕನೆಯದಕ್ಕೆ ಪೂರ್ತಿ ಮುಚ್ಚಿತು. ಯುವರ್ಸ್ ಫೇತ್‌ಫುಲಿ ಮುಗಿಯುವಷ್ಟರಲ್ಲಿ ವೇದಿಕೆಯಿಂದ ಒಂದು ಶಾಂತವಾದ ಗೊರಕೆ ಎದ್ದು ಸಭಾಂಗಣದ ಹಿಂದಿನ ಗೋಡೆಯವರೆಗೆ ಹೋಗಿ ಬಂತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಲು ಕೈ ಎತ್ತಿದವರನ್ನು ಮುಖ್ಯೋಪಾಧ್ಯಾಯಿನಿ ಕಣ್ಣಲ್ಲೇ ತಡೆದರು. ಇಲಾಖೆಯ ಅಧಿಕಾರಿಯನ್ನು ಎಬ್ಬಿಸುವ ಅಧಿಕಾರ ಯಾರಿಗಿದೆ ಎಂಬುದು ಯಾವ ನಿಯಮದಲ್ಲೂ ಇರಲಿಲ್ಲ. ಅರ್ಥ ಬಲ್ಲ ನಾಲ್ಕಾರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಖ್ಯೋಪಾಧ್ಯಾಯಿನಿಯೂ ಮೊದಲ ಸಾಲಿಗೇ ಹುಬ್ಬು ಗಂಟಿಕ್ಕಿದ್ದರು. ಆದರೆ ಕಣ್ಣೆದುರಿಗೆ ಇಂಥ ಫಲ ಕಂಡ ಮೇಲೆ ಯಾವ ಪ್ರಶ್ನೆ ಕೇಳುವುದು. ಅವರು ತುದಿಗಾಲಲ್ಲಿ ನಡೆದು ಬಂದು, ರಾಯರ ಕಿವಿಯಲ್ಲಿ ಅದ್ಭುತ ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಗುಬ್ಬಿ ಅಮ್ಮನ ತೊಡೆಯಿಂದ ಜಾರಿ ವೇದಿಕೆ ಹತ್ತಿ, ಸಾಹೇಬರನ್ನು ಹತ್ತಿರದಿಂದ ಪರೀಕ್ಷಿಸುತ್ತಿದ್ದಳು.

“ಅಪ್ಪಾ, ಡಿಯರ್ ಸರ್ ಇವರೇನಾ?”

ಮುಖ್ಯೋಪಾಧ್ಯಾಯಿನಿ ಮಗುವನ್ನು ಮೆಲ್ಲನೆ ಮೈಕಿನ ಹತ್ತಿರ ಕರೆತಂದು, ಈ ಹಾಡು ಕೇಳಿದರೆ ನೀನೂ ಹೀಗೇ ಬೇಗ ಮಲಗಿಬಿಡುತ್ತೀಯಲ್ಲ ಪುಟ್ಟೀ ಎಂದು ಪಿಸುದನಿಯಲ್ಲಿ ಕೇಳಿದರು. ಗುಬ್ಬಿಗೆ ಪಿಸುಗುಟ್ಟುವ ಅಭ್ಯಾಸವಿರಲಿಲ್ಲ.

“ನಾನು ಮಲ್ಕೊಳ್ಳಲ್ಲ. ಅಪ್ಪ ಮಲ್ಕೋತಾರೆ. ಎರಡನೇ ಸಲ ಹಾಡುವಾಗ ಬಾಯಿ ಹಾಗೇ ನಿಂತುಹೋಗುತ್ತೆ. ಆಮೇಲೆ ನಾನು ಅವರಿಗೆ ಹೊದಿಸಿ, ತಲೆಯಿಂದ ಹತ್ತಿ ತೆಗೆದು, ದೀಪ ಆರಿಸ್ತೀನಿ. ಕುಣಿದ್ರೆ ಅವರಿಗೆ ಎಚ್ಚರ ಆಗುತ್ತೆ ಅಂತ ಕುಣಿಯಲ್ಲ.”

ಮೈಕು ಇದನ್ನೆಲ್ಲ ಬೀದಿಯವರೆಗೆ ಒಯ್ದಿತು. ಸಾಹೇಬರು ಎಚ್ಚೆತ್ತು, ಕಣ್ಣು ತೆರೆಯುವ ಮೊದಲೇ, “ಫೈಲು ಮಂಡಿಸಿ,” ಎಂದರು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಆದರೆ ರಾಯರಿಗೆ ಆ ಕ್ಷಣ ಸೀಟಿನ ಚಿಂತೆಯೂ ಇರಲಿಲ್ಲ. ಅವರು ಮಗಳನ್ನೇ ನೋಡುತ್ತಿದ್ದರು. ಬೆಳಿಗ್ಗೆ ಎದ್ದಾಗ ತಮ್ಮ ತಲೆ ಇಷ್ಟು ಚೊಕ್ಕಟವಾಗಿರುವುದು ಹೇಗೆ ಎಂದು ಎರಡು ವಾರದಲ್ಲಿ ಒಂದು ದಿನವೂ ಕೇಳಿಕೊಂಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಗಂಟಲು ಸರಿಮಾಡಿಕೊಂಡು ಎಲ್ಲವನ್ನೂ ಹೇಳಿದರು. ಕ್ಯೂನಲ್ಲಿ ನಿಂತದ್ದು, ಎರಡು ಶಬ್ದ ಬರೆದದ್ದು, ಇದು ಜೋಗುಳವಲ್ಲ, ಕಚೇರಿಯ ಕಾಗದ ಎಂಬುದು. ಮೇಷ್ಟ್ರ ಹೆಸರು ಮಾತ್ರ ಎತ್ತಲಿಲ್ಲ.

ಮುಖ್ಯೋಪಾಧ್ಯಾಯಿನಿಯ ಮುಖ ಬಿಗಿಯಿತು. ಸುಳ್ಳು ಮಾಹಿತಿಗೆ ಸೀಟು ರದ್ದು ಎಂಬ ನಿಯಮವನ್ನು ಅವರು ಮೆಲ್ಲಗೆ ನೆನಪಿಸಿದರು. ಆಗ ಮೂರನೆಯ ಸಾಲಿನಿಂದ ರಾಯರ ಹೆಂಡತಿ ಎದ್ದು, ಹಾಗಾದರೆ ಎಲ್ಲರ ಹನ್ನೊಂದನೆಯ ಕಾಲಮನ್ನೂ ಒಮ್ಮೆ ಓದಬಹುದೇ ಎಂದು ಬಹಳ ವಿನಯದಿಂದ ಕೇಳಿದಳು. ಗುಮಾಸ್ತೆ ಫೈಲು ಬಿಚ್ಚಿ ಓದಿದರು. ಮೂವತ್ತು ಅರ್ಜಿಗಳಲ್ಲಿ ಇಪ್ಪತ್ತೊಂದರಲ್ಲಿ ಅವೇ ಏಳು ಹೆಸರು, ಅದೇ ಕ್ರಮದಲ್ಲಿ, ನಾಲ್ಕನೆಯ ಹೆಸರಿನಲ್ಲಿ ಅದೇ ಒಂದು ಕಾಗುಣಿತದ ತಪ್ಪಿನೊಂದಿಗೆ ಇದ್ದವು. ಡಾಕ್ಟರಮ್ಮ ಅಂಗೈ ಅಡ್ಡ ಇಟ್ಟದ್ದು ಎಡಗಡೆಗೆ ಮಾತ್ರ. ಬಲಗಡೆಯಿಂದ ಇಣುಕಿದವರೆಲ್ಲ ನಕಲು ಮಾಡಿಕೊಂಡಿದ್ದರು. ಪೋಷಕರೆಲ್ಲ ಪುಟ್ಟ ಕುರ್ಚಿಗಳಲ್ಲಿ ಇನ್ನಷ್ಟು ಪುಟ್ಟವರಾದರು.

ಕೊನೆಗೆ ಡಾಕ್ಟರಮ್ಮನೇ ಎದ್ದರು. ಈಗ ಅವರ ಸ್ವರ ನಿಜವಾಗಿಯೂ ಇಳಿದಿತ್ತು. “ನಾನೂ ಹಾಡಲ್ಲ. ಫೋನನ್ನ ದಿಂಬಿನ ಪಕ್ಕ ಇಟ್ಟು ಕ್ಲಿನಿಕ್ಕಿಗೆ ಇಳಿದುಬಿಡ್ತೀನಿ. ಕಿಟಕಿಯಿಂದ ಕೇಳೋದು ಅದೇ.”

ಸಾಹೇಬರು ಇಷ್ಟು ಹೊತ್ತೂ ಫೈಲು ಸವರುತ್ತಿದ್ದರು. ಹನ್ನೊಂದನೆಯ ಕಾಲಂ ಎಲ್ಲಿಂದ ಬಂತು ಎಂದು ಕೇಳಿದರು. ಇಲಾಖೆಯ ಸುತ್ತೋಲೆಯಿಂದ, ತಮ್ಮದೇ ಸಹಿ ಇದೆ ಎಂದರು ಮುಖ್ಯೋಪಾಧ್ಯಾಯಿನಿ. ಸಾಹೇಬರು ಸಹಿ ನೋಡಿದರು. ನನ್ನದೇ ಎಂದರು. ಯಾಕೆ ಮಾಡಿದೆ ಎಂದು ನೆನಪಿಲ್ಲ ಎಂದೂ ಒಪ್ಪಿಕೊಂಡರು. ಆಮೇಲೆ ರಾಯರ ಕಡೆ ತಿರುಗಿದರು.

“ಮೂವತ್ತೊಂದು ವರ್ಷದಿಂದ ಈ ಕಾಗದ ಬರೀತಾ ಇದ್ದೀನಿ. ಓದಿದವರಿಗೆ ಏನಾಗುತ್ತೆ ಅಂತ ಇವತ್ತು ಗೊತ್ತಾಯ್ತು. ಸ್ವಂತ ರಚನೆ ಅಂತ ಬರೆದಿದ್ದೀರಿ ತಾನೇ? ರಾಗ ನಿಮ್ಮದೇ. ಅದರಲ್ಲಿ ಸುಳ್ಳೇನಿದೆ.”

ಗುಬ್ಬಿಗೆ ಸೀಟು ಖಾಯಂ ಆಯಿತು. ಉಳಿದ ಇಪ್ಪತ್ತೊಂಬತ್ತು ಮಕ್ಕಳಿಗೂ ಆಯಿತು, ಯಾಕೆಂದರೆ ರದ್ದು ಮಾಡಹೊರಟರೆ ಶಾಲೆಯಲ್ಲಿ ಮಕ್ಕಳಿಗಿಂತ ಖಾಲಿ ಕುರ್ಚಿಗಳೇ ಹೆಚ್ಚು ಉಳಿಯುತ್ತಿದ್ದವು. ಮುಖ್ಯೋಪಾಧ್ಯಾಯಿನಿ ಕೆಂಪು ಶಾಯಿಯಲ್ಲಿ ಹನ್ನೊಂದನೆಯ ಕಾಲಮ್ಮಿಗೆ ಅಡ್ಡಗೆರೆ ಎಳೆದರು. ಸಾಹೇಬರು ಹೋಗುವ ಮುನ್ನ, ಮನೆಯಲ್ಲಿ ತಮಗೆ ನಿದ್ದೆ ಬಾರದ ತೊಂದರೆ ಬಹಳ ದಿನದಿಂದ ಇದೆ, ಹಾಸಿಗೆ ನೋಡಲು ಒಂದು ದಿನ ಬರುತ್ತೇನೆ ಎಂದು ಯಾರಿಗೂ ಕೇಳದಂತೆ ರಾಯರಿಗೆ ಹೇಳಿದರು. ಮ್ಯಾಟರ್ ಪರಿಶೀಲಿಸುತ್ತೇನೆ ಎಂದು ಬಾಯಿಗೆ ಬಂದದ್ದನ್ನು ರಾಯರು ನುಂಗಿಕೊಂಡರು.

ಅಂದು ಸಂಜೆ ರಾಯರು ಮೇಷ್ಟ್ರಿಗೆ ಟೀ ಕೊಟ್ಟು ಎಲ್ಲ ವರದಿ ಮಾಡಿದರು. ಗುಬ್ಬಿಗೆ, ಇನ್ನು ಮೇಲೆ ನಾನು ಕೂತೇ ಹಾಡುತ್ತೇನೆ, ಒರಗುವುದಿಲ್ಲ ಎಂದು ಮಾತು ಕೊಟ್ಟರು. ಬೇಡ, ಒರಗು, ನನಗೆ ಹೊದಿಸೋದು ಇಷ್ಟ ಎಂದಳು ಅವಳು.

ಅಂಗಡಿಯ ಬಾಗಿಲು ಅರ್ಧ ಎಳೆದಿದ್ದಾಗ ಎದುರುಮನೆಯ ಹಲ್ಲಿನ ಡಾಕ್ಟರಮ್ಮ ಬೀದಿ ದಾಟಿ ಬಂದರು. ಒಳಗೆ ಬಂದು ದಿಂಬುಗಳ ಬೆಲೆ ಕೇಳಿದರು, ಉತ್ತರ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಸ್ಟೂಲಿನ ಮೇಲೆ ಕೂತು, ಮಗ ಫೋನು ಬೇಡವೆನ್ನುತ್ತಾನೆ, ಎದುರುಮನೆಯ ಅಪ್ಪನ ಹಾಗೆ ನೀನೇ ಹಾಡು ಎನ್ನುತ್ತಾನೆ, ನಾನು ಹುಟ್ಟಿದಾಗಿನಿಂದ ಒಂದು ಸಾಲು ಹಾಡಿದವಳಲ್ಲ, ನಾಚಿಕೆಯಾಗುತ್ತದೆ ಎಂದು ನೆಲ ನೋಡುತ್ತ ಹೇಳಿದರು. ಏನು ಹಾಡಿದರೂ ಆಗುತ್ತದೆ, ಔಷಧದ ಚೀಟಿಯಾದರೂ ಸರಿ ಎಂದರು ರಾಯರು. ಡಾಕ್ಟರಮ್ಮ ಒಂದು ಸಲ ಉಸಿರೆಳೆದುಕೊಂಡು ಹಲ್ಲು ಕಚ್ಚಿ ಕೂತರು. ಇನ್ನೊಂದು ಸಲವೂ ಹಾಗೆಯೇ. ತುಟಿ ಬಿಚ್ಚಲೇ ಇಲ್ಲ.

ರಾಯರು ಅಂಗಡಿಯ ದೀಪವನ್ನು ಸ್ವಲ್ಪ ಹತ್ತಿರಕ್ಕೆ ಎಳೆದು, ಎದುರಿಗೆ ಇನ್ನೊಂದು ಸ್ಟೂಲು ಹಾಕಿ ಕೂತರು.

“ಸ್ವಲ್ಪ ಬಾಯಿ ತೆರೀರಿ ಡಾಕ್ಟರಮ್ಮ,” ಎಂದರು. “ಏನೂ ನೋವಾಗಲ್ಲ.”